ವಿಮಾನದ ಆಸನವೂ ಅಳತೆಯ ಧರ್ಮವೂ

ವ್ಯಾಪಾರದಲ್ಲಿ ನಂಬಿಕೆಯು ಅಳತೆಯಿಂದ ಆರಂಭವಾಗುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಅಡತಿ ಅಂಗಡಿಗಳಲ್ಲಿ ಭತ್ತ, ತೊಗರಿ, ಹತ್ತಿಯನ್ನು ತೂಗುವ ತಕ್ಕಡಿಗೆ ಸರ್ಕಾರದ ಮುದ್ರೆ ಇರಲೇಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೂ ನಿವ್ವಳ ತೂಕವನ್ನು ಅಚ್ಚು ಹಾಕಬೇಕೆಂಬ ಕಾನೂನಿದೆ. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಎಂಬ ತೂಕ ಅಳತೆಗಳನ್ನು ನಮ್ಮ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಹಾಗಾದರೆ ವಿಮಾನಯಾನದಲ್ಲಿ ಮಾರಾಟವಾಗುವ ‘ಒಂದು ಆಸನ’ವೆಂಬ ಸರಕಿನ ಅಳತೆ ಎಷ್ಟು? ಟಿಕೇಟಿನಲ್ಲಿ ಊರು, ದಿನ, ವೇಳೆ, ಸಾಮಾನಿನ ತೂಕ ಎಲ್ಲವೂ ಇರುತ್ತವೆ. ಮೊಣಕಾಲಿಗೆ ದೊರೆಯುವ ಸ್ಥಳದ ಅಳತೆ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಒಂದು ಆಸನದ ಬೆನ್ನಿನಿಂದ ಅದರ ಮುಂದಿನ ಆಸನದ ಬೆನ್ನಿನವರೆಗಿನ ಅಂತರಕ್ಕೆ ‘ಪಿಚ್’ ಎನ್ನುತ್ತಾರೆ. 1970ರ ದಶಕದಲ್ಲಿ ಸಾಮಾನ್ಯ ದರ್ಜೆಯಲ್ಲಿ ಇದು 34–35 ಅಂಗುಲದಷ್ಟಿತ್ತು. ಇಂದು ಅಗ್ಗದ ದರದ ಅನೇಕ ಸಂಸ್ಥೆಗಳಲ್ಲಿ 28ರಿಂದ 30. ಅಮೆರಿಕದಲ್ಲಿ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತಿದ್ದಾಗ ಸಂಸ್ಥೆಗಳು ಊಟ, ಉಪಚಾರ, ಆಸನಗಳಲ್ಲಿ ಪೈಪೋಟಿ ನಡೆಸುತ್ತಿದ್ದವು. 1978ರಲ್ಲಿ ಆ ನಿಯಂತ್ರಣ ಹೋದ ಮೇಲೆ ಪೈಪೋಟಿಯು ದರಕ್ಕೆ ತಿರುಗಿತು. ನಮ್ಮಲ್ಲಿ 1953ರ ವಾಯುನಿಗಮಗಳ ಕಾಯ್ದೆಯು 1994ರಲ್ಲಿ ರದ್ದಾದ ಬಳಿಕ ಕ್ರಮೇಣ ಇದೇ ನಡೆಯಿತು.

ಇದರ ಲೆಕ್ಕ ವ್ಯಾಪಾರಿಗೆ ಸುಲಭವಾಗಿ ತಿಳಿಯುತ್ತದೆ. ಮೂವತ್ತು ಸಾಲುಗಳಲ್ಲಿ ಪ್ರತಿಯೊಂದರಿಂದ ಒಂದು ಅಂಗುಲ ತೆಗೆದರೆ ಮೂವತ್ತು ಅಂಗುಲ ಉಳಿಯಿತು. ಅಂದರೆ ಇನ್ನೊಂದು ಸಾಲು, ಆರು ಟಿಕೇಟುಗಳು. ಏರ್‌ಬಸ್ ಎ320 ವಿಮಾನದ ಉದ್ದ ಇಂದಿಗೂ ಸುಮಾರು 37.5 ಮೀಟರುಗಳೇ. ಎರಡು ದರ್ಜೆಯ ಏರ್ಪಾಟಿನಲ್ಲಿ ಸುಮಾರು 150 ಜನ ಕೂಡುತ್ತಿದ್ದ ಈ ವಿಮಾನದಲ್ಲಿ ಒಂದೇ ದರ್ಜೆ ಮಾಡಿ 180, ಅದಕ್ಕೂ ಮೇಲ್ಪಟ್ಟು ಜನರನ್ನು ಕೂಡಿಸಲಾಗುತ್ತಿದೆ. ಬೆನ್ನಿನ ಮೆತ್ತೆಯನ್ನು ತೆಳುವಾಗಿಸಿ ಮೊಣಕಾಲಿನ ಸ್ಥಳವನ್ನು ಒಂದಿಷ್ಟು ಉಳಿಸಿದ್ದಾರೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಹಾಗೆಂದು ಇದನ್ನೆಲ್ಲ ಲೋಭವೆಂದು ಜರೆದುಬಿಡುವುದು ಅವಸರದ ತೀರ್ಪು. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಪುಕ್ಕಟೆ ಊಟವನ್ನು ಬಿಟ್ಟರು, ಮುಂದೆ ಎ320ರಲ್ಲಿ 180 ಆಸನಗಳನ್ನು ಹಾಕಿದರು. ಅದರಿಂದಲೇ ಅದುವರೆಗೆ ವಿಮಾನವನ್ನು ಆಕಾಶದಲ್ಲಷ್ಟೇ ಕಂಡಿದ್ದ ಎಷ್ಟೋ ಜನರು ಅದರೊಳಗೆ ಕುಳಿತರು. ಮಸ್ಕಿಯ ಅಶೋಕ ಶಾಸನವು 1915ರಲ್ಲಿ ಬೆಳಕಿಗೆ ಬಂತು. ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲ, ಧರ್ಮನಿಷ್ಠನಾದ ಸಣ್ಣವನಿಗೂ ಸಾಧ್ಯವೆಂಬುದು ಅದರ ಆಶಯ. ಲೌಕಿಕ ಸೌಕರ್ಯಗಳಿಗೂ ಈ ನ್ಯಾಯ ಒಪ್ಪುತ್ತದೆ. ನಾಲ್ವರು ವಿಸ್ತಾರವಾಗಿ ಕುಳಿತು ಐದನೆಯವನನ್ನು ಹೊರಗೆ ನಿಲ್ಲಿಸುವುದಕ್ಕಿಂತ ಐವರೂ ಒತ್ತಿಕೊಂಡು ಕೂಡುವುದು ಮೇಲು.

ಆದುದರಿಂದ ದೋಷವು ಆಸನ ಸಣ್ಣದಾಗಿರುವುದರಲ್ಲಿಲ್ಲ, ಅಳತೆಯನ್ನು ಹೇಳದಿರುವುದರಲ್ಲಿದೆ. ನಮ್ಮ ಬಸ್ ನಿಲ್ದಾಣದಲ್ಲಿ ಸಾಮಾನ್ಯ ಬಸ್ಸು ಯಾವುದು, ರಾಜಹಂಸ ಯಾವುದು ಎಂಬುದು ಹತ್ತುವ ಮೊದಲೇ ಕಣ್ಣಿಗೆ ಕಾಣುತ್ತದೆ. ಹಣಕ್ಕೆ ತಕ್ಕ ಸ್ಥಳವನ್ನು ತಿಳಿದೇ ಆರಿಸುತ್ತೇವೆ. ವಿಮಾನದಲ್ಲಿ ಹಣ ಕೊಟ್ಟಾದ ಮೇಲೆ ಒಳಗೆ ಹೋಗಿ ಕುಳಿತಾಗಲೇ ಅಳತೆ ತಿಳಿಯುವುದು. ಎಲ್ಲರಿಂದ ಕೊಂಚ ಕೊಂಚ ಕಡಿತ ಮಾಡಿ, ಹೆಚ್ಚು ಸ್ಥಳವಿರುವ ಸಾಲನ್ನು ಪ್ರತ್ಯೇಕ ದರಕ್ಕೆ ಮಾರುವಾಗಲಂತೂ ಮಾರುವವನ ಹೊಣೆ ಇನ್ನೂ ಹೆಚ್ಚುತ್ತದೆ. ಇದು ಸುಖದ ಪ್ರಶ್ನೆ ಮಾತ್ರವೂ ಅಲ್ಲ. ಅರ್ಧದಷ್ಟು ಬಾಗಿಲುಗಳನ್ನೇ ಬಳಸಿ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬರುವಂತಿರಬೇಕೆಂಬುದು ವಿಮಾನಗಳಿಗಿರುವ ನಿಯಮ. ಸುರಕ್ಷತೆಗೆ ಬೇಕಾದ ಕನಿಷ್ಠ ಅಳತೆಯನ್ನು ನಿಗದಿಪಡಿಸಬೇಕೆಂದು ಅಮೆರಿಕದ ಸಂಸತ್ತು 2018ರಲ್ಲಿ ಕಾಯ್ದೆಯನ್ನೇ ಮಾಡಿತು.

ಇನ್ನು ಕುಳಿತವನ ಧರ್ಮ. ಗುಂಡಿ ಒತ್ತಿದರೆ ಆಸನದ ಬೆನ್ನು ಹಿಂದಕ್ಕೆ ವಾಲುತ್ತದೆ; ನಮಗೆ ದೊರೆತ ನಾಲ್ಕು ಅಂಗುಲ ಹಿಂದಿನವರ ಮಡಿಲಿನಿಂದ ಬಂದದ್ದು. ಗುಂಡಿ ಇದೆ, ಆದುದರಿಂದ ಅಧಿಕಾರವೂ ಇದೆ ಎಂಬುದು ವಕೀಲರ ವಾದವಾದೀತು, ಶ್ರಾವಕನ ವಾದವಾಗದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಭೋಜನದ ಜೊತೆಗೇ ವಾಹನ, ಶಯನಗಳನ್ನೂ ಸೇರಿಸಿದ್ದಾರೆ. ತನ್ನ ಮಿತಿಯನ್ನು ತಾನೇ ಹಾಕಿಕೊಳ್ಳುವುದು ವ್ರತ. ಇನ್ನೊಬ್ಬರು ನಮಗೆ ಹೇಳದೆ ಹಾಕುವ ಮಿತಿ ವ್ರತವಲ್ಲ. ಸಂಯಮದ ಹೆಸರು ಹೇಳಿ ಮಾರುವವನ ಮೌನವನ್ನು ಸಮರ್ಥಿಸಲಾಗದು. ಅವನ ಮೌನವನ್ನು ತೋರಿಸಿ ಹಿಂದೆ ಕುಳಿತ ವೃದ್ಧರ ಮೇಲೆ ವಾಲುವುದೂ ಸಲ್ಲದು. ವಾಲಿಸುವ ಮೊದಲು ಒಮ್ಮೆ ತಿರುಗಿ ನೋಡಿ ಕೇಳಿದರೆ ಸಾಕು. ಬಸ್ಸಿನಲ್ಲಿ ‘ಸ್ವಲ್ಪ ಸರೀರಿ’ ಎಂದು ಕೇಳಿ, ಕೇಳಿಸಿಕೊಂಡು ಬೆಳೆದ ನಮಗೆ ಇದು ಹೊಸ ಪಾಠವೇನಲ್ಲ.

ತೀರ್ಥಯಾತ್ರೆಗೆ ಒಟ್ಟಾಗಿ ಟಿಕೇಟು ತೆಗೆಯುವ ಬಸದಿ, ಮಂದಿರಗಳ ಟ್ರಸ್ಟುಗಳಲ್ಲಿ ಒಂದು ವಿನಂತಿ. ದರದ ಜೊತೆಗೆ ಆಸನದ ಅಳತೆಯನ್ನೂ ಕೇಳಿರಿ. ಬಹಳ ಹೊತ್ತು ಕದಲದೆ ಕುಳಿತರೆ ವಯಸ್ಸಾದವರ ಕಾಲು ಬಾಯುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು; ಅವರಿಗೆ ಎದ್ದು ಓಡಾಡಲು ಅನುಕೂಲವಾದ ನಡುದಾರಿಯ ಪಕ್ಕದ ಆಸನಗಳನ್ನು ಮೊದಲೇ ಕಾಯ್ದಿರಿಸಿರಿ. ಕೊಳ್ಳುವವರು ಅಳತೆ ಕೇಳತೊಡಗಿದರೆ ಮಾರುವವರು ಹೇಳತೊಡಗುತ್ತಾರೆ. ಪೇಟೆಯಲ್ಲಿ ತಕ್ಕಡಿ ನೆಟ್ಟಗಾದದ್ದು ಕಾನೂನಿನಿಂದ ಮಾತ್ರವಲ್ಲ, ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತ ಗಿರಾಕಿಯಿಂದಲೂ ಹೌದು.