ಕಲ್ಲಿಗೆ ಅಂಟಿದ ಬಾಳು



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನವರಿಗೆ ಕಲ್ಲಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಸಮುದ್ರದ ಮಾತು ಬೇರೆ. ಅದು ನಮಗೆ ಘಟ್ಟದ ಆಚೆಯದು. ಆದರೆ ಬಾಗಲಕೋಟೆಯ ಸುತ್ತಲಿನ ಸುಣ್ಣಕಲ್ಲು ಆಳವಿಲ್ಲದ ಕಡಲಿನಲ್ಲಿ ಹುಟ್ಟಿದ್ದು. ಹಣ್ಣಿನ ತೋಟಗಳಿಗೆ ಹೆಸರಾದ ಕಲಾದಗಿಯ ಹೆಸರನ್ನೇ ಭೂವಿಜ್ಞಾನಿಗಳು ಆ ಶಿಲಾಸಮೂಹಕ್ಕೆ ಇಟ್ಟಿದ್ದಾರೆ.

ಈ ಕಲ್ಲಿನಲ್ಲಿ ಕೆಲವು ಕಡೆ ಅರ್ಧಕ್ಕೆ ಕೊಯ್ದ ಕೋಸುಗಡ್ಡೆಯಂತೆ ಪದರ ಪದರವಾದ ಗುಮ್ಮಟಗಳು ಕಾಣುತ್ತವೆ. ಇವು ಸ್ಟ್ರೊಮ್ಯಾಟೊಲೈಟ್‌ಗಳು, ನೂರು ಕೋಟಿ ವರ್ಷಗಳಿಗೂ ಹಿಂದೆ ನೀಲಿ-ಹಸಿರು ಪಾಚಿ ಕಟ್ಟಿದ ಮನೆಗಳು. ಆ ಪಾಚಿಗೆ ಕಣ್ಣಿಲ್ಲ, ಕಾಲಿಲ್ಲ. ಅಲೆ ತಂದ ಹೂಳು ಮೈಮೇಲೆ ಕೂತರೆ ಬೆಳಕು ಮರೆಯಾಗುತ್ತದೆ. ಆಗ ಅದು ಹೂಳಿನ ನಡುವೆ ನುಸುಳಿ ಮೇಲಕ್ಕೆ ಬರುತ್ತದೆ. ಕೆಳಗೆ ಉಳಿದದ್ದು ಕಲ್ಲಾಗುತ್ತದೆ. ಮತ್ತೆ ಹೂಳು, ಮತ್ತೆ ಏರಿಕೆ. ನಾವು ಉಸಿರಾಡುವ ಆಮ್ಲಜನಕ ಗಾಳಿಯಲ್ಲಿ ಮೊದಲು ತುಂಬಿದ್ದು ಇಂಥ ಜೀವಿಗಳಿಂದಲೇ. ಆಸ್ಟ್ರೇಲಿಯದ ಪಶ್ಚಿಮ ತೀರದ ಶಾರ್ಕ್ ಬೇ ಎಂಬಲ್ಲಿ ಇವು ಇಂದಿಗೂ ಜೀವಂತವಾಗಿವೆ.

ನಮ್ಮ ಕರಾವಳಿಯ ಬಂಡೆಗಳಲ್ಲೂ ಇದೇ ಪಾಠವಿದೆ. ಇಳಿತದ ಹೊತ್ತಿನಲ್ಲಿ ನೋಡಿದರೆ ಒಂದೇ ಬಂಡೆಯ ಮೇಲೆ ಹಲವು ಓಣಿಗಳು. ಮೇಲ್ಗಡೆ, ಬಿಸಿಲು ಸುಡುವಲ್ಲಿ, ಬಾರ್ನಕಲ್ ಎಂಬ ಪುಟ್ಟ ಜೀವಿ ಚಿಪ್ಪಿನ ಬಾಗಿಲು ಮುಚ್ಚಿಕೊಂಡು ನೀರಿಗಾಗಿ ಕಾಯುತ್ತದೆ. ಕೆಳಗೆ ತೇವ ಇರುವಲ್ಲಿ ಹಸಿರು ಪಾಚಿ. ಬಂಡೆಯ ಸಂದಿನ ನೆರಳಲ್ಲಿ, ಇನ್ನೂ ಆಳದಲ್ಲಿ ಕೆಂಪು ಪಾಚಿ. ಸೂರ್ಯನ ಬೆಳಕಿನ ಕೆಂಪು ಭಾಗ ನೀರಿನಲ್ಲಿ ಬೇಗ ಕರಗಿಹೋಗುತ್ತದೆ. ಆಳಕ್ಕೆ ಇಳಿಯುವ ಹಸಿರು, ನೀಲಿ ಬೆಳಕನ್ನು ಹಿಡಿಯುವ ಬಣ್ಣ ಕೆಂಪು ಪಾಚಿಯ ಮೈಯಲ್ಲಿದೆ. ಅಲ್ಪ ಬೆಳಕೂ ಅದಕ್ಕೆ ಸಾಕು. ಅದನ್ನು ಕಿತ್ತು ಬಂಡೆಯ ನೆತ್ತಿಗೆ ಇಟ್ಟರೆ ಬೇಗ ಒಣಗಿಹೋದೀತು. ಅದು ದುರ್ಬಲ ಎಂದು ಯಾರು ಹೇಳಿಯಾರು?

ಆದರೆ ಮಕ್ಕಳ ವಿಷಯದಲ್ಲಿ ನಾವು ಹಾಗೆಯೇ ಹೇಳುತ್ತೇವೆ. ‘ಅಣ್ಣ ಎಲ್ಲಿ ಹೋದರೂ ಬಾಳುತ್ತಾನೆ, ತಮ್ಮನಿಗೆ ಎಲ್ಲೂ ಕಾಲೂರದು’ ಎಂದು ಅವನ ಎದುರಿಗೇ ಆಡುತ್ತೇವೆ. ಬಿತ್ತುವವನ ಸಾಮತಿಯನ್ನು ನೆನೆಯಿರಿ. ಕಲ್ಲುನೆಲಕ್ಕೆ ಬಿದ್ದ ಬೀಜ ಬಿಸಿಲಿಗೆ ಬಾಡಿತು. ಪ್ರಭು ಯೇಸು ಅಲ್ಲಿ ಬೀಜವನ್ನು ಹಳಿಯಲಿಲ್ಲ. ಮಣ್ಣಿನ ಮಾತು ಆಡಿದರು. ಆದಿಕಾಂಡದಲ್ಲಿಯೂ ಮೊದಲ ದಿನ ಬೆಳಕು, ಐದನೆಯ ದಿನ ಕಡಲಿನ ಜೀವಿಗಳು. ಜೀವ ಬರುವ ಮುಂಚೆಯೇ ದೇವರು ಅದಕ್ಕೆ ಬೇಕಾದ ಬೆಳಕನ್ನೂ ನೆಲೆಯನ್ನೂ ಸಿದ್ಧಮಾಡಿದರು. ತಂದೆತಾಯಿಯರಾದ ನಾವು ಈ ಕ್ರಮವನ್ನು ತಿರುವುಮುರುವು ಮಾಡುವುದೇ ಹೆಚ್ಚು.

ನೆಲೆ ತಪ್ಪುವ ನೋವು ನಮ್ಮ ಜಿಲ್ಲೆಗೆ ಹೊಸದಲ್ಲ. ಆಲಮಟ್ಟಿ ಜಲಾಶಯದ ನೀರು 519.6 ಮೀಟರಿಗೆ ನಿಲ್ಲುವಂತಾದಾಗ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಬರಿದಾದವು. ಜನ ನವನಗರಕ್ಕೆ ಬಂದರು. ಹುನಗುಂದದ ಕಡೆಯಿಂದ ದುಡಿಮೆಗಾಗಿ ಗೋವೆಗೆ, ಮಂಗಳೂರಿಗೆ ಹೋದವರೂ ಇದ್ದಾರೆ. ಹೀಗೆ ಹೋದವರು ಒಂದೆರಡು ಭಾನುವಾರ ಪೂಜೆಗೆ ಕಾಣದಿದ್ದರೆ ‘ವಿಶ್ವಾಸ ತಣ್ಣಗಾಯಿತು’ ಎಂದು ತೀರ್ಪು ಕೊಡಲು ನಮಗೆ ಎಷ್ಟು ಅವಸರ! ಅವರ ಮೇಲೆ ಎಷ್ಟು ಹೂಳು ಕೂತಿದೆಯೆಂದು ಕೇಳಿದವರು ಯಾರು?

ಬಾರ್ನಕಲ್ ಮರಿಯಾಗಿದ್ದಾಗ ನೀರಿನಲ್ಲಿ ಸ್ವತಂತ್ರವಾಗಿ ಈಜುತ್ತದೆ. ಒಮ್ಮೆ ಕಲ್ಲಿಗೆ ಅಂಟಿದರೆ ಸಾಯುವವರೆಗೆ ಅಲ್ಲೇ. ಆದ್ದರಿಂದ ಅಂಟುವ ಮುಂಚೆ ಕಲ್ಲನ್ನು ತಡವಿ ನೋಡುತ್ತದೆ. ತನ್ನ ಬಳಗದವರು ಇರುವ ಸುಳಿವು ಸಿಕ್ಕ ಕಡೆ ನಿಲ್ಲಲು ಒಲಿಯುತ್ತದೆ. ಊರು ಮುಳುಗಿ ಹೊಸ ಸೆಕ್ಟರಿಗೆ ಬಂದ ಅಜ್ಜಿಯರೂ ನಲ್ಲಿ, ದೀಪಗಳಿಗಿಂತ ಮೊದಲು ಕೇಳುವುದು ಅದನ್ನೇ: ‘ಮಗ್ಗಲ ಮನ್ಯಾಗ ಯಾರ ಅದಾರ?’