ಅವರು ಕೂದಲು ಕತ್ತರಿಸಿಕೊಂಡಾಗ

2011ರ ಅಕ್ಟೋಬರ್ 30, ಭಾನುವಾರ. ಬೆಂಗಳೂರಿನ ಅರಮನೆ ಮೈದಾನ. ಮೆಟಾಲಿಕಾ ಮೊಟ್ಟಮೊದಲ ಸಲ ಭಾರತದಲ್ಲಿ ನುಡಿಸ್ತಾ ಇತ್ತು. ಎರಡು ದಿನ ಮುಂಚೆ ಗುರಗಾಂವ್‌ನಲ್ಲಿ ಆಗಬೇಕಿದ್ದ ಶೋ ಕ್ಯಾನ್ಸಲ್ ಆಗಿ ಅಲ್ಲಿ ಗಲಾಟೆಯಾಗಿತ್ತು, ಹಾಗಾಗಿ ಜೇಮ್ಸ್ ಹೆಟ್‌ಫೀಲ್ಡ್ ಕಣ್ಣಿಗೆ ಬೀಳೋವರೆಗೂ ನಮಗೆ ನಂಬಿಕೆ ಇರಲಿಲ್ಲ. ಆಮೇಲಿನದ್ದೆಲ್ಲ ಕೂಗಾಟ, ಬೆವರು, ನೂಕುನುಗ್ಗಲು. ನನ್ನ ಪಕ್ಕದಲ್ಲಿದ್ದ ಗೆಳೆಯ ಹಾಸನದಿಂದ ಬಸ್ಸಲ್ಲಿ ಬಂದಿದ್ದ, ಗಂಟಲು ಹರಿಯುವಷ್ಟು ಕೂಗಿದ್ದ. ಆದರೆ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಶುರುವಾಯ್ತು ನೋಡಿ, ಮೈದಾನಕ್ಕೆ ಮೈದಾನವೇ ಮೊಬೈಲು ಎತ್ತಿ ಹಾಡ್ತಿದ್ದಾಗ ಅವನು ಕೈಕಟ್ಟಿ ನಿಂತ. ಪೂರ್ತಿ ಹಾಡು. ಕಣ್ಣು ಸ್ಟೇಜಿನ ಮೇಲಲ್ಲ, ನೆಲದ ಮೇಲೆ.

ಮೇಖ್ರಿ ಸರ್ಕಲ್ ಕಡೆ ನಡೆದು ಹೋಗುವಾಗ ಕೇಳಿದೆ, ಯಾಕೋ ಹಂಗೆ ನಿಂತಿದ್ದೆ ಅಂತ. “ಅದು ನಮ್ಮ ಹಾಡಲ್ಲ” ಅಂದ. ಯಾರದ್ದು ಹಾಗಾದ್ರೆ? “ಎಲ್ಲರದ್ದು.”

ಮೆಟಲ್ ಗೊತ್ತಿಲ್ಲದವರಿಗೆ ಇದು ಹುಚ್ಚಾಟ ಅನ್ನಿಸಬಹುದು. ಒಂದು ಹಾಡು ಎಲ್ಲರಿಗೂ ಇಷ್ಟವಾದರೆ ಒಳ್ಳೇದೇ ತಾನೆ? ಆದರೆ ಈ ಜಗಳಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ, ಇವತ್ತಿಗೂ ಮುಗಿದಿಲ್ಲ. ಅದರಲ್ಲಿ ಹುಡುಗಾಟಕ್ಕಿಂತ ಹೆಚ್ಚಿನದೇನೋ ಇದೆ ಅಂತ ನನಗೆ ಅನ್ನಿಸೋಕೆ ಶುರುವಾಗಿದ್ದು ಬಹಳ ತಡವಾಗಿ.

ಕತೆ ಚಿಕ್ಕದಾಗಿ ಹೇಳ್ತೀನಿ. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಬ್ಯಾಂಡು. ಆಗ ಆ ಊರಿನ ತುಂಬ ತುಟಿಗೆ ಬಣ್ಣ ಬಳಿದುಕೊಂಡು, ಕೂದಲಿಗೆ ಸ್ಪ್ರೇ ಹೊಡೆದುಕೊಂಡು ಹಾಡುವ ಗ್ಲ್ಯಾಮ್ ಬ್ಯಾಂಡುಗಳು. ಇವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಬಾಸ್ ಗಿಟಾರಿಗೆ ಕ್ಲಿಫ್ ಬರ್ಟನ್ ಬೇಕು ಅಂದಾಗ ಅವನು ‘ನಾನು ಬರಲ್ಲ, ನೀವೇ ಇಲ್ಲಿಗೆ ಬನ್ನಿ’ ಅಂದಿದ್ದಕ್ಕೆ ಬ್ಯಾಂಡೇ ಗಂಟುಮೂಟೆ ಕಟ್ಟಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋಯ್ತು. ಎಂಟಿವಿ ಕಾಲದಲ್ಲೂ 1989ರ ‘ಒನ್’ ತನಕ ಒಂದು ಮ್ಯೂಸಿಕ್ ವಿಡಿಯೋ ಮಾಡಲಿಲ್ಲ. 1988ರ ಆಲ್ಬಂನಲ್ಲಿ ಒಂಬತ್ತು ಹತ್ತು ನಿಮಿಷದ ಹಾಡುಗಳು, ಗಣಿತದ ಪ್ರಮೇಯದ ಥರ ಒಂದಾದ ಮೇಲೊಂದು ತಿರುವು. ಇಂಥ ಬ್ಯಾಂಡು 1991ರಲ್ಲಿ, ಗ್ಲ್ಯಾಮ್ ಗುಂಪಿನ ಮೋಟ್ಲಿ ಕ್ರೂಗೆ ಹಿಟ್ ಆಲ್ಬಂ ಮಾಡಿಕೊಟ್ಟ ನಿರ್ಮಾಪಕ ಬಾಬ್ ರಾಕ್‌ನನ್ನೇ ಕರೆದುಕೊಂಡು ಬಂದು, ಹಾಡುಗಳನ್ನು ಐದಾರು ನಿಮಿಷಕ್ಕೆ ಇಳಿಸಿ, ವೇಗ ತಗ್ಗಿಸಿ, ಒಂದು ಹಾಡಿಗೆ ಆರ್ಕೆಸ್ಟ್ರಾ ಸೇರಿಸಿ ಕಪ್ಪು ರಟ್ಟಿನ ಒಂದು ಆಲ್ಬಂ ಹೊರತಂದಿತು. ಅಮೆರಿಕಾ ಒಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯ್ತು. 1996ರಲ್ಲಿ ‘ಲೋಡ್’ ಬರುವಾಗ ನಾಲ್ಕೂ ಜನ ಕೂದಲು ಕತ್ತರಿಸಿಕೊಂಡಿದ್ದರು. ಫೋಟೋದಲ್ಲಿ ಕಣ್ಣಿಗೆ ಕಾಡಿಗೆ ಬೇರೆ.

ಕೂದಲು ಏನು ಮಾಡ್ತು ಪಾಪ ಅಂತ ನಗಬೇಡಿ. ಉದ್ದ ಕೂದಲು ಬಿಟ್ಟಿದ್ದಕ್ಕೆ ಅಪ್ಪನ ಹತ್ತಿರ ಬೈಸಿಕೊಂಡ, ಕಾಲೇಜಲ್ಲಿ ಫೈನ್ ಕಟ್ಟಿದ, ಮದುವೆಮನೆಯಲ್ಲಿ ನಗೆಪಾಟಲಾದ ಹುಡುಗನ ದೃಷ್ಟಿಯಿಂದ ನೋಡಿ. ಅವನ ಪಾಲಿಗೆ ಅದು ಫ್ಯಾಷನ್ ಆಗಿರಲಿಲ್ಲ, ಒಂದು ಪಕ್ಷಕ್ಕೆ ಸೇರಿದ ಗುರುತು. ಆ ಪಕ್ಷದ ನಾಯಕರೇ ಒಂದು ದಿನ ಆರಾಮಾಗಿ ಆ ಕಡೆ ಹೋಗಿ ನಿಂತುಬಿಟ್ಟರೆ?

ಅಭಿಮಾನಿಗಳ ಆಪಾದನೆಗೆ ಇಂಗ್ಲಿಷಿನಲ್ಲಿ ಒಂದೇ ಪದ, ಸೆಲ್‌ಔಟ್. ನಮ್ಮ ಹಾಸ್ಟೆಲ್ಲಿನಲ್ಲಿ ‘ಮಾರ್ಕೊಂಡ್ಬಿಟ್ರು ಗುರೂ’ ಅನ್ನುತ್ತಿದ್ದರು. ಮಾರಿಕೊಂಡದ್ದು ಏನನ್ನ? ಯಾರ ಆಸ್ತಿಯನ್ನ? ಈ ಪ್ರಶ್ನೆಯನ್ನು ಆಗ ಯಾರೂ ಕೇಳ್ತಿರಲಿಲ್ಲ. ಅಂದಹಾಗೆ ಈ ತೀರ್ಪು ಕೊಡುತ್ತಿದ್ದ ನಾವೆಲ್ಲ ಪೈರೇಟೆಡ್ ಎಂಪಿತ್ರೀ ಸಿಡಿ ಗಿರಾಕಿಗಳು. 2000ದಲ್ಲಿ ಇದೇ ಬ್ಯಾಂಡು ನ್ಯಾಪ್‌ಸ್ಟರ್ ಮೇಲೆ ಕೇಸು ಹಾಕಿದ್ದು ನಮ್ಮಂಥವರ ಕಾಟಕ್ಕೇ. ಒಂದು ರೂಪಾಯಿ ಕೊಡದೆ ದ್ರೋಹದ ಲೆಕ್ಕ ಕೇಳ್ತಿದ್ವಿ!

ಇನ್ನೊಂದು ಗುಟ್ಟೂ ಹೇಳಿಬಿಡ್ತೀನಿ. ನಾನು ಮೆಟಾಲಿಕಾ ಕೇಳೋಕೆ ಶುರುಮಾಡಿದ್ದೇ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ನಿಂದ. ಪಿಯುಸಿಯಲ್ಲಿ, ಸಂಬಂಧಿಕರ ಮನೆಯ ಕಂಪ್ಯೂಟರಿನಲ್ಲಿ. ಹಾಸ್ಟೆಲ್ಲಿಗೆ ಬಂದ ಮೊದಲ ವಾರ ಸೀನಿಯರ್ ಒಬ್ಬ ‘ಯಾವ ಹಾಡಿಂದ ಶುರು?’ ಅಂತ ಕೇಳಿದ. ಸರಿಯಾದ ಉತ್ತರ ಯಾವುದು ಅಂತ ಅಷ್ಟರಲ್ಲಿ ವಾಸನೆ ಹಿಡಿದಿದ್ದೆ. ‘ಮಾಸ್ಟರ್ ಆಫ್ ಪಪೆಟ್ಸ್’ ಅಂದೆ. ನಾಲ್ಕು ವರ್ಷ ಆ ಸುಳ್ಳಿನ ಮೇಲೆ ಸಂಸಾರ ಮಾಡಿದೆ. ಬ್ಯಾಂಡಿನ ಪ್ರಾಮಾಣಿಕತೆಯನ್ನು ಅಳೆಯುತ್ತಿದ್ದವನ ಪ್ರಾಮಾಣಿಕತೆ ಇದು.

ಈಗ ಆ ಹಾಡಿನ ಕತೆ ಕೇಳಿ. ಹೆಟ್‌ಫೀಲ್ಡ್ ಅದನ್ನು ಬ್ಯಾಂಡಿಗೆ ಅಂತ ಬರೆದದ್ದೇ ಅಲ್ಲ. ಒಂದು ಕೈಯಲ್ಲಿ ಫೋನು ಹಿಡಿದು ದೂರದಲ್ಲಿದ್ದ ಗೆಳತಿಯ ಹತ್ತಿರ ಮಾತಾಡುತ್ತ, ಇನ್ನೊಂದು ಕೈಯಲ್ಲಿ ಸುಮ್ಮನೆ ತಂತಿ ಮೀಟುತ್ತಿದ್ದಾಗ ಹುಟ್ಟಿದ ನಾದ ಅದು ಅಂತ ಅವನೇ ಹೇಳಿಕೊಂಡಿದ್ದಾನೆ. ಡ್ರಮ್ಮರ್ ಲಾರ್ಸ್ ಉಲ್ರಿಚ್ ಕೇಳಿಸಿಕೊಂಡು ಬೇಕು ಅಂದ ಮೇಲೆಯೇ ಅದು ಆಲ್ಬಂಗೆ ಬಂದದ್ದು. ಅದೇ ಆಲ್ಬಂನ ‘ಎಂಟರ್ ಸ್ಯಾಂಡ್‌ಮನ್’ ಗೊತ್ತಲ್ಲ, ತಲೆ ಅಲ್ಲಾಡಿಸೋಕೆ ಹೇಳಿಮಾಡಿಸಿದ ಹಾಡು? ಅದರ ಮೊದಲ ಸಾಹಿತ್ಯ ತೊಟ್ಟಿಲಲ್ಲೇ ಸಾಯುವ ಕೂಸುಗಳ ಬಗ್ಗೆ ಇತ್ತಂತೆ. ಬಾಬ್ ರಾಕ್ ಮತ್ತು ಲಾರ್ಸ್ ಒತ್ತಾಯಕ್ಕೆ ಹೆಟ್‌ಫೀಲ್ಡ್ ಅದನ್ನು ಬದಲಿಸಿ ಬರೆದ. ಆಲ್ಬಂನ ಮೊದಲ ಸಿಂಗಲ್ ಆಗಿ ಹೊರಬಂದದ್ದು ಅದೇ.

ಅಂದರೆ ಕೇಳೋಕೆ ಪಾಪ್ ಥರ ಇರುವ ಹಾಡು ಒಬ್ಬನ ಖಾಸಗಿ ಮಾತು. ಕೇಳೋಕೆ ಮೆಟಲ್ ಥರ ಇರುವುದು ಇನ್ನೊಬ್ಬರ ಸಲಹೆಗೆ ತಿದ್ದಿದ ಮಾತು. ಸದ್ದು ಕೇಳಿ ಮನಸ್ಸು ಅಳೆಯೋಕೆ ಹೊರಟರೆ ಹೀಗೆ ಮುಗ್ಗರಿಸ್ತೀವಿ.

‘ಲೋಡ್’ ವಿಷಯ ಇನ್ನೂ ಗೋಜಲು. ಆ ಕಾಡಿಗೆ, ಆ ವೇಷ ತನಗೆ ಒಗ್ಗಿರಲಿಲ್ಲ, ಅದು ಲಾರ್ಸ್ ಮತ್ತು ಕರ್ಕ್ ಹ್ಯಾಮೆಟ್ ಹಟಕ್ಕೆ ಆದದ್ದು ಎಂಬರ್ಥದಲ್ಲಿ ಹೆಟ್‌ಫೀಲ್ಡ್ ಎಷ್ಟೋ ವರ್ಷಗಳ ಮೇಲೆ ಹೇಳಿದ್ದಾನೆ. ಹಾಗಾದರೆ ಬೈದ ಅಭಿಮಾನಿಗಳು ಪೂರ್ತಿ ಮೂರ್ಖರಾಗಿರಲಿಲ್ಲ. ಏನೋ ಸುಳ್ಳು ಇದೆ ಅಂತ ಅವರ ಮೂಗಿಗೆ ಸರಿಯಾಗಿಯೇ ತಿಳಿದಿತ್ತು. ಆದರೆ ಅದೇ ಆಲ್ಬಂನಲ್ಲಿ ‘ಮಾಮಾ ಸೆಡ್’ ಅಂತ ಒಂದು ಹಾಡಿದೆ. ಕಂಟ್ರಿ ಸಂಗೀತದ ಧಾಟಿ, ಮೆಟಲ್ಲಿಗೂ ಅದಕ್ಕೂ ಹನ್ನೆರಡು ಗಾವುದ ದೂರ. ಹದಿಹರೆಯದಲ್ಲೇ ಕ್ಯಾನ್ಸರಿಗೆ ತಾಯಿಯನ್ನು ಕಳೆದುಕೊಂಡ ಮಗ, ಧರ್ಮನಂಬಿಕೆಯ ಕಾರಣಕ್ಕೆ ವೈದ್ಯರ ಬಳಿ ಹೋಗದೆ ತೀರಿಕೊಂಡ ತಾಯಿ, ಅವಳ ಜೊತೆ ಮುಗಿಯದೆ ಉಳಿದ ಮಾತು. ನಮ್ಮ ಹಾಸ್ಟೆಲ್ಲಿನಲ್ಲಿ ಆ ಹಾಡು ಬಂದರೆ ಮುಂದಕ್ಕೆ ಒತ್ತುತ್ತಿದ್ದರು.

‘ಕ್ಲಿಫ್ ಬದುಕಿದ್ದಿದ್ರೆ ಇದೆಲ್ಲ ಆಗ್ತಿರಲಿಲ್ಲ’ ಅನ್ನೋದು ಎಲ್ಲ ವಾದದ ಬ್ರಹ್ಮಾಸ್ತ್ರ. ಅವನು 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಸತ್ತ. ಸತ್ತವರ ಬಾಯಲ್ಲಿ ನಮಗೆ ಬೇಕಾದ ಮಾತು ಹಾಕೋದು ಸುಲಭ. ಆದರೆ ಎಲ್ಲರೂ ಟೈಟ್ ಪ್ಯಾಂಟು ಹಾಕುತ್ತಿದ್ದಾಗ ನಗಿಸಿಕೊಂಡೂ ಬೆಲ್‌ಬಾಟಮ್ ಬಿಡದವನು, ಬಾಖ್ ಕೇಳುತ್ತಿದ್ದವನು ಕ್ಲಿಫ್. ಪಕ್ಷದ ಯೂನಿಫಾರ್ಮಿನ ಬಗ್ಗೆ ಅವನಿಗೆ ಗೌರವ ಇದ್ದಂತೆ ಕಾಣಲ್ಲ. ನಿಜ ಹೇಳಬೇಕೆಂದರೆ ಅವನಿದ್ದಾಗಲೇ, 1984ರಲ್ಲಿ, ಅಕೌಸ್ಟಿಕ್ ಗಿಟಾರಿನಿಂದ ಶುರುವಾಗುವ ‘ಫೇಡ್ ಟು ಬ್ಲ್ಯಾಕ್’ ಬಂದಾಗಲೇ, ‘ಮಾರಿಕೊಂಡರು’ ಅನ್ನುವ ಕೂಗು ಎದ್ದಿತ್ತು. ಇವತ್ತು ಅದು ‘ಹಳೇ ಒಳ್ಳೇ ಮೆಟಾಲಿಕಾ’ ಲೆಕ್ಕಕ್ಕೆ ಸೇರಿದೆ.

ಹಳೇ ಥರ ಮಾಡಿ ಅಂತ ಕೇಳುವ ಅಭಿಮಾನಿ ನಿಜಕ್ಕೂ ಕೇಳ್ತಿರೋದೇನು? ನನಗೆ ಬೇಕಾದ್ದನ್ನು ಕೊಡು ಅಂತ. ಕೋಟಿ ಜನಕ್ಕೆ ಬೇಕಾದ್ದು ಕೊಟ್ಟರೆ ಅದು ವ್ಯಾಪಾರ, ಕಪ್ಪು ಟೀಶರ್ಟಿನ ಒಂದು ಲಕ್ಷ ಜನಕ್ಕೆ ಬೇಕಾದ್ದು ಕೊಟ್ಟರೆ ಅದು ನಿಷ್ಠೆ. ಇದು ಹೇಗೆ ಸ್ವಾಮಿ? ಅಂಗಡಿ ಚಿಕ್ಕದಾದ ಮಾತ್ರಕ್ಕೆ ಅಂಗಡಿ ಅಲ್ಲ ಅಂತಾಗುತ್ತಾ? ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್ ಬ್ಯಾಂಡನ್ನೇ ನೋಡಿ. ಡೂಮ್ ಮೆಟಲ್ಲಿನ ಹಿರಿಯರು. 1999ರಲ್ಲಿ ‘ಹೋಸ್ಟ್’ ಅಂತ ಆಲ್ಬಂ ತಂದರು, ಡಿಪೆಶ್ ಮೋಡ್ ನೆನಪಿಸುವ ಸಿಂಥಸೈಜರ್ ಸಂಗೀತ. ಅಭಿಮಾನಿಗಳು ಉರಿದುಬಿದ್ದರು. ಬ್ಯಾಂಡು ನಿಧಾನಕ್ಕೆ ಭಾರದ ಸಂಗೀತಕ್ಕೆ ಮರಳಿತು, 2015ರ ಹೊತ್ತಿಗೆ ಹಳೆಯ ಗುಡುಗುದನಿಯೂ ವಾಪಸು. ಎಲ್ಲರೂ ‘ಬುದ್ಧಿ ಬಂತು’ ಅಂದರು. ಆದರೆ 2023ರಲ್ಲಿ ಅದರ ಗಾಯಕ ನಿಕ್ ಹೋಮ್ಸ್ ಮತ್ತು ಗಿಟಾರಿಸ್ಟ್ ಗ್ರೆಗ್ ಮ್ಯಾಕಿಂಟಾಶ್ ಬೇರೆಯಾಗಿ ಇನ್ನೊಂದು ಸಿಂಥ್ ಆಲ್ಬಂ ಮಾಡಿದರು. ಆ ಜೋಡಿಗೆ ಇಟ್ಟುಕೊಂಡ ಹೆಸರು? ಹೋಸ್ಟ್. ಇಪ್ಪತ್ತನಾಲ್ಕು ವರ್ಷ ಬೈಸಿಕೊಂಡ ಹೆಸರನ್ನೇ ಯಾರಾದರೂ ದುಡ್ಡಿಗೆ ಇಟ್ಟುಕೊಳ್ತಾರಾ? ಅವರ ಪಾಲಿಗೆ ಅದು ಪ್ರೀತಿಯೇ ಆಗಿತ್ತು ಅಂತ ನನಗನ್ನಿಸುತ್ತೆ.

ಈ ವಾದ ನನಗೆ ಬಹಳ ಪ್ರಿಯ. ಆಫೀಸಿನ ಕ್ಯಾಂಟೀನಲ್ಲಿ, ಟ್ರಿಪ್ಪಿನಲ್ಲಿ, ಎಲ್ಲಿ ಸಿಕ್ಕಿದರೂ ಮಂಡಿಸ್ತಿದ್ದೆ. ಕಲಾವಿದ ಯಾರಿಗೂ ಮಾತು ಕೊಟ್ಟಿಲ್ಲ. ಹಳೇ ಆಲ್ಬಂ ಅಲ್ಲೇ ಇದೆ, ಯಾರೂ ಕಿತ್ಕೊಂಡಿಲ್ಲ. ನೀವು ಕಳೆದುಕೊಂಡದ್ದು ಹಾಡನ್ನಲ್ಲ, ‘ನಾವು ಕೆಲವರು’ ಅನ್ನುವ ಗುಂಪನ್ನ. ಆ ನಷ್ಟ ನಿಜ, ಆದರೆ ಅದಕ್ಕೆ ಬ್ಯಾಂಡು ಜವಾಬ್ದಾರಿಯಲ್ಲ. ಹೀಗೆ. ಇಷ್ಟು ಬಿಸಿಯಾಗಿ ಯಾಕೆ ವಾದಿಸ್ತೀಯ, ನೀನೇನು ಅವರ ಲಾಯರ್ರಾ ಅಂತ ಒಮ್ಮೆ ಹೆಂಡತಿ ಕೇಳಿದಳು.

ಲಾಯರ್ರೇ ಆಗಿದ್ದೆ. ಕಕ್ಷಿದಾರ ಮಾತ್ರ ಬೇರೆ. ನಮಗೂ ಒಂದು ಬ್ಯಾಂಡು ಇತ್ತು, ಇಂಜಿನಿಯರಿಂಗಿನಲ್ಲಿ, ನಾಲ್ಕು ಜನ. ಕಾಲೇಜು ಫೆಸ್ಟುಗಳಲ್ಲಿ ನುಡಿಸ್ತಿದ್ವಿ, ಮೂರು ಹಾಡು ಸ್ವಂತದ್ದು. ಕೊನೇ ಸೆಮಿಸ್ಟರಿನಲ್ಲಿ ಹಾಸ್ಟೆಲ್ ತಾರಸಿ ಮೇಲೆ ಮಾತಾಡಿಕೊಂಡಿದ್ವಿ, ಎರಡು ವರ್ಷ ಬೇರೆ ಕೆಲಸ ಹಿಡಿಯೋದು ಬೇಡ, ಬೆಂಗಳೂರಲ್ಲಿ ರೂಮು ಮಾಡಿ ಬರೀ ಇದನ್ನೇ ಮಾಡೋಣ ಅಂತ. ಅರಮನೆ ಮೈದಾನದಲ್ಲಿ ಕೈಕಟ್ಟಿ ನಿಂತ ಗೆಳೆಯ ಆ ಮಾತು ನಂಬಿ, ಕ್ಯಾಂಪಸ್ಸಿಗೆ ಬಂದ ಕಂಪನಿಗಳ ಇಂಟರ್‌ವ್ಯೂಗೇ ಕೂರಲಿಲ್ಲ. ನಾನು ಕೂತೆ. ಆಫರ್ ಲೆಟರ್ ಬಂದದ್ದನ್ನು ಮೂರು ವಾರ ಮುಚ್ಚಿಟ್ಟೆ. ಗೊತ್ತಾದಾಗ ಅವನು ಜಗಳ ಆಡಲಿಲ್ಲ. “ನೀನೂ ಬ್ಲ್ಯಾಕ್ ಆಲ್ಬಂ ಮಾಡ್ಬಿಟ್ಟೆ ಬಿಡು” ಅಂದ, ಅಷ್ಟೇ.

ಅವತ್ತಿಂದ ಕಪ್ಪು ಆಲ್ಬಂ ತಪ್ಪಲ್ಲ ಅಂತ ಸಾಧಿಸುತ್ತ ಬಂದೆ. ಅದು ತಪ್ಪಲ್ಲವೇ. ಈಗಲೂ ಅದೇ ನನ್ನ ಅಭಿಪ್ರಾಯ. ಎಡವಟ್ಟು ಇರೋದು ಹೋಲಿಕೆಯಲ್ಲಿ. ಮೆಟಾಲಿಕಾ ಹಾಸನದ ಹುಡುಗನಿಗೆ ಮಾತು ಕೊಟ್ಟಿರಲಿಲ್ಲ. ನಾನು ಕೊಟ್ಟಿದ್ದೆ. ಬದಲಾಗುವ ಹಕ್ಕು ಎಲ್ಲರಿಗೂ ಇದೆ ಅನ್ನುವ ಮಾತಿನ ಹಿಂದೆ ನಾನು ಬಚ್ಚಿಟ್ಟದ್ದು ಆ ಮೂರು ವಾರವನ್ನ. ಕೆಲಸಕ್ಕೆ ಸೇರಿದ್ದಕ್ಕೆ ನನಗೆ ನಾಚಿಕೆಯಿಲ್ಲ, ಮನೆಯಲ್ಲಿ ಸಾಲ ಇತ್ತು. ಆದರೆ ಇಂಟರ್‌ವ್ಯೂ ಹಿಂದಿನ ರಾತ್ರಿಯೇ ಹೇಳಬಹುದಿತ್ತು. ಹೇಳಿದ್ದರೆ ಅವನೂ ಕೂರಬಹುದಿತ್ತೇನೋ.

ಕಳೆದ ವರ್ಷ ಹಾಸನಕ್ಕೆ ಹೋಗಿದ್ದೆ. ಅವನು ಮನೆಯ ಮುಂದಿನ ಕೋಣೆಯಲ್ಲಿ ಗಿಟಾರು ಕಲಿಸ್ತಾನೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೂತಿದ್ದಳು, ಗಿಟಾರು ಅವಳಿಗಿಂತ ದೊಡ್ಡದು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವಳು ಹೋಗಲಿ ಅಂತ ಬಾಗಿಲ ಹತ್ತಿರ ಕಾಯ್ತಾ ನಿಂತೆ. ಅವಳು ನುಡಿಸಲು ಶುರುಮಾಡಿದಳು, ತಡವರಿಸುತ್ತ, ಒಂದೊಂದೇ ತಂತಿ. ಮೂರನೇ ಸಲಕ್ಕೆ ಗುರುತು ಹಿಡಿದೆ, ಅದೇ ಹಾಡು. ಅವನ ಮುಖ ನೋಡಿದೆ.

“ಮೊದಲ ಪಾಠಕ್ಕೆ ಒಳ್ಳೇದು ಕಣೋ” ಅಂದ, ನನ್ನ ಕಡೆ ತಿರುಗದೆ. “ಶುರುವಿಗೆ ಎಡಗೈ ಬೇಕಾಗಲ್ಲ.”