ತಲೆದೆಸೆಯಲ್ಲಿ ನಿಂತವರು

ಆಪರೇಷನ್ ಮಾಡಿದವರ ಹೆಸರು ರೋಗಿಗೆ ಬಹುಕಾಲ ನೆನಪಿರುತ್ತದೆ. ಅರಿವಳಿಕೆ ಕೊಟ್ಟವರ ಮುಖವೂ ನೆನಪಿರುವುದಿಲ್ಲ. ಇದನ್ನು ಮೊದಲ ವರ್ಷವೇ ಒಪ್ಪಿಕೊಂಡ ವಿದ್ಯಾರ್ಥಿಗೆ ಉಳಿದದ್ದನ್ನು ಕಲಿಸಬಹುದು.

ಸ್ನಾಯು ಸಡಿಲಿಸುವ ಔಷಧ ಕೊಟ್ಟ ಮೇಲೆ ರೋಗಿಯ ಪ್ರತಿ ಉಸಿರೂ ನಿನ್ನ ಹೊಣೆ. ಔಷಧಗಳ ಪಟ್ಟಿ ಆಮೇಲೆ ಕಲಿ.

1952, ಕೋಪನ್‌ಹೇಗನ್. ಪೋಲಿಯೊದಿಂದ ಉಸಿರು ಸೋತವರು ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ತುಂಬಿದ್ದರು, ಯಂತ್ರಗಳು ಬೆರಳೆಣಿಕೆಯಷ್ಟು. ಅರಿವಳಿಕೆ ವೈದ್ಯ ಬಿಯೋರ್ನ್ ಇಬ್ಸೆನ್ 12 ವರ್ಷದ ಹುಡುಗಿಯೊಬ್ಬಳ ಕತ್ತಿನಲ್ಲಿ ರಂಧ್ರ ಮಾಡಿಸಿ, ಕೊಳವೆ ಇರಿಸಿ, ಚೀಲವನ್ನು ಕೈಯಿಂದ ಹಿಸುಕಿ ಉಸಿರು ಕೊಟ್ಟರು. ಹುಡುಗಿ ಉಳಿದಳು. ಆಮೇಲೆ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಹಗಲೂ ರಾತ್ರಿ ಪಾಳಿಯಲ್ಲಿ ಕುಳಿತು ಅದೇ ಚೀಲಗಳನ್ನು ಹಿಸುಕಿದರು. ನೂರಕ್ಕೆ 80ರ ಮೇಲಿದ್ದ ಸಾವು ಕೆಲವೇ ತಿಂಗಳಲ್ಲಿ 25ರ ಆಸುಪಾಸಿಗೆ ಇಳಿಯಿತು. ಮರುವರ್ಷ ಇಬ್ಸೆನ್ ಅದೇ ನಗರದಲ್ಲಿ ತೀವ್ರ ನಿಗಾ ಘಟಕ ತೆರೆದರು. ಐಸಿಯು ಹುಟ್ಟಿದ್ದೇ ವಿದ್ಯಾರ್ಥಿಗಳ ಕೈಯಲ್ಲಿ ಎಂದು ನಾನು ನಂಬಿದ್ದೇನೆ.

ಹುಟ್ಟಿದ ಕೂಸಿನ ಸ್ಥಿತಿ ಅಳೆಯುವುದು ಹೇಗೆ ಎಂದು ವಿದ್ಯಾರ್ಥಿಯೊಬ್ಬರು ಕೇಳಿದಾಗ, ನ್ಯೂಯಾರ್ಕ್‌ನ ಅರಿವಳಿಕೆ ಪ್ರಾಧ್ಯಾಪಕಿ ವರ್ಜೀನಿಯಾ ಆಪ್ಗರ್ ಕುಳಿತಲ್ಲೇ ಐದು ಅಂಶ ಗೀಚಿಕೊಟ್ಟರಂತೆ. 1953ರಲ್ಲಿ ಪ್ರಕಟವಾದ ಆ ಲೆಕ್ಕವನ್ನು ನಮ್ಮ ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಬರೆದಿಡುತ್ತಾರೆ. ವಿದ್ಯಾರ್ಥಿಯ ಪ್ರಶ್ನೆಗೆ ಕಿವಿಗೊಡದವರು ಕಲಿಸುವ ಕೆಲಸಕ್ಕೆ ಬರಬಾರದು.

ಉಸಿರುಕೊಳವೆ ಹಾಕಲು ತಡಕಾಡುವ ವಿದ್ಯಾರ್ಥಿಯ ಪಕ್ಕ ಸುಮ್ಮನೆ ನಿಲ್ಲುವುದು ಬಲು ಕಷ್ಟ. ಮೊದಲೇ ಮೂರು ನಿಮಿಷ ಆಮ್ಲಜನಕ ಕೊಟ್ಟಿದ್ದರೆ, ಗಟ್ಟಿಮುಟ್ಟಾದ ವಯಸ್ಕರಲ್ಲಿ ಕೆಲವು ನಿಮಿಷ ಬಿಡುವು ಸಿಗುತ್ತದೆ. ಗರ್ಭಿಣಿಯಲ್ಲಿ, ಮಗುವಿನಲ್ಲಿ ಅಷ್ಟು ಸಿಗದು. ಎಲ್ಲಿಯವರೆಗೆ ಬಿಡಬೇಕು, ಯಾವಾಗ ಕೈಹಾಕಬೇಕು ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಮಾನಿಟರ್ ಕೂಗುವ ಮೊದಲು ಎದೆಯ ಏರಿಳಿತ ನೋಡು. ಬೆರಳಿನ ಆಕ್ಸಿಮೀಟರ್‌ನಲ್ಲಿ ಅಂಕಿ ಇಳಿಯುವಷ್ಟರಲ್ಲಿ ಉಸಿರು ನಿಂತು ಹೊತ್ತಾಗಿರಬಹುದು.

ಐಸಿಯು ಹೊರಗೆ ಬೆಂಚಿನ ಮೇಲೆ ಕಾದಿರುವ ಮಗನಿಗೆ, "ನಿಮ್ಮ ತಾಯಿ ಉಳಿಯುವುದು ಕಷ್ಟ ಕಣಪ್ಪಾ" ಎನ್ನುವಾಗ ವಿದ್ಯಾರ್ಥಿಯೂ ಜೊತೆಗಿರಬೇಕು. ಆ ಮಾತನ್ನು ಪಕ್ಕದಲ್ಲಿ ಕುಳಿತು ಹೇಳಬೇಕು. ಅವನು ಅಳುವಷ್ಟು ಹೊತ್ತು ಎದ್ದು ಹೋಗಬಾರದು. ವೆಂಟಿಲೇಟರ್ ಯಾವಾಗ ಹಾಕಬೇಕೆಂದು ಕಲಿಸಿ, ಯಾವಾಗ ಬೇಡವೆನ್ನಬೇಕೆಂದು ಕಲಿಸದೆ ಬಿಟ್ಟರೆ ನಾವು ಅರ್ಧ ವೈದ್ಯರನ್ನು ಹೊರಗೆ ಕಳಿಸಿದಂತೆ.

ಓದುಗರಲ್ಲಿ ಒಂದು ಬೇಡಿಕೆ. ಆಪರೇಷನ್‌ಗೆ ಮುನ್ನ ನಮ್ಮ ಎಳೆಯ ವೈದ್ಯರು ಬಂದು ವಿಚಾರಿಸುತ್ತಾರೆ. ಅಲುಗಾಡುವ ಹಲ್ಲು, ಗೊರಕೆ, ಬೀಡಿ, ದಿನವೂ ನುಂಗುವ ಮಾತ್ರೆ, ಬೆಳಿಗ್ಗೆ ಕುಡಿದ ಅರ್ಧ ಲೋಟ ಕಾಫಿ, ಯಾವುದನ್ನೂ ಅವರಿಂದ ಮುಚ್ಚಿಡಬೇಡಿ.